ಕಾಲಿನಳತೆಯ ಕ್ಲಚ್ಚು

ಅತ್ತಿಗೆಯ ಕಾರಿನಲ್ಲಿ ಮೊಟ್ಟೆ ಒಡೆದವಂತೆ ಎಂಬ ಮಾತು ಅಂಗಡಿಯಿಂದ ಅಂಗಡಿಗೆ ಹೋಗಿ, ಕೊನೆಗೆ ಊರಾಚೆಯ ರಸ್ತೆ ಬದಿಯಲ್ಲಿದ್ದ ಮೆಕ್ಯಾನಿಕ್ಕಿನ ಶೆಡ್ಡಿಗೆ ಬಂದು ಮುಟ್ಟಿದಾಗ ಅವನು ನಂಬಲಿಲ್ಲ. ಹೇಳಿದವನು ಬ್ರೆಡ್ಡಿನ ವ್ಯಾನಿನವನು. ಒಂದಕ್ಕೆ ಎರಡು ಸೇರಿಸಿ ಹೇಳುವುದು ಅವನ ಚಟ. ಎಲ್ಲೋ ಒಂದು ಬಿರುಕು ಬಿಟ್ಟಿರಬೇಕು ಅಂದುಕೊಂಡು ಮೆಕ್ಯಾನಿಕ್ಕು ಕೈಯಲ್ಲಿದ್ದ ಕೆಲಸಕ್ಕೆ ಮತ್ತೆ ತಲೆ ಬಗ್ಗಿಸಿದ. ಅಷ್ಟರಲ್ಲಿ ಕಾರೇ ಬಂದು ಶೆಡ್ಡಿನ ಮುಂದೆ ನಿಂತಿತು. ಡಿಕ್ಕಿ ಎತ್ತಿದರೆ, ಮೇಲಿನ ಟ್ರೇಯಿಂದ ಕೆಳಗಿನ ಟ್ರೇಯವರೆಗೂ ಹಳದಿ ಇಳಿದು ರಬ್ಬರ್ ಹಾಸಿನ ಮೇಲೆ ಮಡುಗಟ್ಟಿತ್ತು. 

ಅತ್ತಿಗೆ ಅಂದರೆ ಅವನ ಅಣ್ಣನ ಹೆಂಡತಿ. ಸುತ್ತಲಿನ ಹೊಲಮನೆಗಳಲ್ಲಿ ಕೋಳಿ ಸಾಕಿದವರಿಂದ ಮೊಟ್ಟೆ ಎತ್ತಿಕೊಂಡು ಪೇಟೆಯ ಅಂಗಡಿಗಳಿಗೆ ಹಾಕುವುದು ಅವಳ ಕಸುಬು. ಮಣ್ಣಿನ ದಾರಿಯಿರಲಿ, ಟ್ರ್ಯಾಕ್ಟರಿನ ಗಾಲಿ ಕೊರೆದ ಗುಂಡಿಯಿರಲಿ, ಕಾಲುವೆಯ ಏರಿಯಿರಲಿ, ಅವಳ ಕಾರು ನೀರಿನ ಮೇಲಿನ ಬಾತುಕೋಳಿಯ ಹಾಗೆ ಹೋಗುತ್ತಿತ್ತು. ಗೇರು ಬದಲಾಯಿಸಿದ್ದು ಪಕ್ಕದಲ್ಲಿ ಕೂತವರಿಗೂ ತಿಳಿಯುತ್ತಿರಲಿಲ್ಲ. ಅಂಗಡಿಯವರು ಅವಳ ಟ್ರೇಗಳನ್ನು ಬಿಚ್ಚಿ ನೋಡದೆಯೇ ಒಳಗೆ ಇಡುತ್ತಿದ್ದರು. ಅಣ್ಣನದು ಬೀಜ ಗೊಬ್ಬರದ ಅಂಗಡಿ. ಹೆಂಡತಿಯನ್ನು ಹೊಗಳಬೇಕಾದಾಗಲೂ ತಮಾಷೆ ಬೆರೆಸದೆ ಹೊಗಳಲಾರದವನು ಅವನು. ಇವಳ ಕಾರಿನಲ್ಲಿ ಮೊಟ್ಟೆ ದಾರಿಯಲ್ಲೇ ಮರಿಯಾದರೂ ಆ ಮರಿಗೆ ಎಚ್ಚರವಾಗುವುದಿಲ್ಲ ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದ.

ಅಂಥ ಕಾರಿನ ಡಿಕ್ಕಿಯ ಸ್ಥಿತಿ ಹೀಗಾಗಿತ್ತು. ಅತ್ತಿಗೆ ಬಾಗಿಲು ಹಿಡಿದುಕೊಂಡೇ ಇಳಿದು, ಬಾಗಿಲು ಹಿಡಿದುಕೊಂಡೇ ನಿಂತಳು.

“ನಿನ್ನ ಗೇರು ನನ್ನ ಮಾನ ಕಳೀತು ಕಣೋ ಮೈದುನ,” ಅಂದಳು.

ಕಿರಾಣಿ ಅಂಗಡಿಯ ಮುಂದೆ ರಿವರ್ಸ್ ಹಾಕಲು ಹೋದಳಂತೆ. ಗೇರು ಕಿರ್ರೆಂದು ಕಿರುಚಿಕೊಂಡು ಒಂದೇ ಏಟಿಗೆ ಬಿದ್ದು, ಕಾರು ಹಿಂದಕ್ಕೆ ನೆಗೆದು ಮೆಟ್ಟಿಲಿಗೆ ತಗಲಿತಂತೆ. ಅಷ್ಟೇ ಹೇಳಿ ನಿಲ್ಲಿಸಿದಳು. ಬೇರೆ ದಿನವಾಗಿದ್ದರೆ ಗೇರನ್ನೂ ಮೆಕ್ಯಾನಿಕ್ಕನ್ನೂ ಸೇರಿಸಿ ಬೈದು ಶೆಡ್ಡಿನ ತಗಡು ನಡುಗಿಸುವ ಹೆಂಗಸು ಅಂದು ದನಿ ಎತ್ತಲಿಲ್ಲ. ಮೊಟ್ಟೆ ಹೋದ ಸಂಕಟ ಇರಬೇಕು ಅಂದುಕೊಂಡ ಅವನು.

ಗೇರು ಗಟ್ಟಿ ಎಂಬ ದೂರು ಹೊಸದಲ್ಲ. ಚಳಿ ಶುರುವಾದಾಗಿನಿಂದ ಇತ್ತು. ಮೊದಲ ಸಲ ಅವನು ಚಳಿಗೆ ಎಣ್ಣೆ ಮಂದವಾಗಿದೆ ಎಂದು ಗೇರ್ ಆಯಿಲ್ ಇಳಿಸಿ ಹೊಸದು ತುಂಬಿದ್ದ. ಇಳಿದ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರೆ ಅದರಲ್ಲಿ ಲೋಹದ ಹೊಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಆಮೇಲೂ ಗಟ್ಟಿ ಅಂದಾಗ, ಕ್ಲಚ್ಚು ಪೂರ್ತಿ ಬಿಡಿಸುತ್ತಿಲ್ಲ ಎಂದು ಕ್ಲಚ್ ಕೇಬಲ್ಲಿನ ನಟ್ಟನ್ನು ಒಂದಿಷ್ಟು ಬಿಗಿ ಮಾಡಿದ. ನಟ್ಟು ಬಿಗಿ ಮಾಡಿದರೆ ಪೆಡಲ್ ಮೇಲೆ ಹಿಡಿಯುತ್ತದೆ, ನೆಲದವರೆಗೆ ತುಳಿಯದಿದ್ದರೂ ಕ್ಲಚ್ಚು ಬಿಡುತ್ತದೆ. ಅತ್ತಿಗೆ ಖುಷಿಯಾಗಿ ಹೋದಳು. ಸ್ವಲ್ಪ ದಿನ ಬಿಟ್ಟು ಮತ್ತೆ ಬಂದಳು. ಮತ್ತೆ ಬಿಗಿ ಮಾಡಿದ. ಚಳಿ ಕಳೆಯುವಷ್ಟರಲ್ಲಿ ಅದೊಂದು ರೂಢಿಯೇ ಆಗಿಹೋಯಿತು. ಅವಳು ಕಾರು ನಿಲ್ಲಿಸುವುದು, ಅವನು ಬಾನೆಟ್ ಎತ್ತಿ ಸ್ಪ್ಯಾನರ್ ಹಾಕುವುದು, ಟೀ ಆರುವುದರೊಳಗೆ ಕೆಲಸ ಮುಗಿದು ಅವಳು ಹೊರಡುವುದು.

ಕಾಲಿಗೆ ತಕ್ಕ ಹಾಗೆ ಕ್ಲಚ್ಚು ಕೂರಿಸುವುದು ಆ ಶೆಡ್ಡಿನ ಹೆಗ್ಗಳಿಕೆ. ಅದು ಅವನ ಅಪ್ಪನಿಂದ ಬಂದದ್ದು. ಬಟ್ಟೆ ಹೊಲಿಯುವವನು ಮೈಯಳತೆ ತೆಗೆದುಕೊಳ್ಳುವ ಹಾಗೆ ಅಪ್ಪ ಕಾಲಿನ ಅಳತೆ ತೆಗೆದುಕೊಳ್ಳುತ್ತಿದ್ದ. ಗಾಡಿಯವನನ್ನು ಸೀಟಿನಲ್ಲಿ ಕೂರಿಸಿ, ತಾನು ಬಾಗಿಲ ಬಳಿ ಮಂಡಿಯೂರಿ, ಅಂಗೈಯನ್ನು ಪೆಡಲ್ಲಿನ ಕೆಳಗೆ ನೆಲಕ್ಕೆ ಹಾಸಿ, ಈಗ ತುಳಿ ಅನ್ನುತ್ತಿದ್ದ. ಹೊಸಬರು ಹೆದರುತ್ತಿದ್ದರು. ಕೈ ನನ್ನದು, ನಿನಗೇನಯ್ಯಾ ನೋವು, ತುಳಿ ಅನ್ನುತ್ತಿದ್ದ. ಪೆಡಲ್ ಬಂದು ಕೈಗೆ ಒತ್ತುವ ರೀತಿಯಲ್ಲೇ ಅವನಿಗೆ ಆ ಮನುಷ್ಯನ ಕಾಲಿನ ತೂಕ, ಅವಸರ, ಸೋಮಾರಿತನ ಎಲ್ಲ ತಿಳಿಯುತ್ತಿತ್ತು. ಮದುವೆಯಾಗಿ ಬಂದ ವರ್ಷ ಅತ್ತಿಗೆ ಕಾರು ಕಲಿತದ್ದು ಆ ಮಾವನ ಹತ್ತಿರವೇ. ತುಳಿಯಮ್ಮಾ ಅಂದದ್ದೇ ತಡ, ಅವಳು ತುಳಿದ ರಭಸಕ್ಕೆ ಅಪ್ಪ ಕೈ ಎಳೆದುಕೊಂಡು ಕುಣಿದಾಡಿದ್ದ. ನನ್ನ ಸೊಸೆಯದು ಕಾಲಲ್ಲ, ಎತ್ತಿನ ಗೊರಸು ಎಂದು ಸಾಯುವವರೆಗೂ ಬಂದವರಿಗೆಲ್ಲ ಗೆಣ್ಣು ತೋರಿಸಿ ಹೇಳಿದ್ದ. ಆಗ ಮೆಕ್ಯಾನಿಕ್ಕು ಇನ್ನೂ ಸಣ್ಣವನು. ತಾಯಿಯಿಲ್ಲದ ಮನೆ. ಅವನ ಮೂಗು ಒರೆಸಿ, ತಲೆ ಬಾಚಿ, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ಅತ್ತಿಗೆಯೇ.

ಅಪ್ಪ ಹೋದ ಮೇಲೂ ಅವನು ಆ ಕ್ರಮ ಬಿಟ್ಟಿರಲಿಲ್ಲ. ಎಲ್ಲರ ಪೆಡಲ್ಲಿನ ಕೆಳಗೂ ಕೈ ಇಡುತ್ತಿದ್ದ. ಅತ್ತಿಗೆಯ ಕಾರಿನಲ್ಲಿ ಮಾತ್ರ ಇಡುತ್ತಿರಲಿಲ್ಲ. ಮನೆಯವರದೇ ಕಾಲು, ಅದೂ ಊರಿಗೆಲ್ಲ ಗೊತ್ತಿದ್ದ ಕಾಲು. ಅದಕ್ಕೇನು ಅಳತೆ?

ಆ ದಿನ ಅವನು ಮೊದಲು ಡಿಕ್ಕಿ ತೊಳೆದ. ಆಮೇಲೆ ಸೀಟಿನಲ್ಲಿ ಕೂತ. ಕೂತರೆ ಮಂಡಿ ಸ್ಟೇರಿಂಗಿಗೆ ತಾಗಿತು. ಸೀಟು ಪೂರ್ತಿ ಮುಂದಕ್ಕಿತ್ತು. ಅದನ್ನು ಹಿಂದಕ್ಕೆ ತಳ್ಳಿ, ಇಂಜಿನ್ ಆಫ್ ಇಟ್ಟುಕೊಂಡೇ ಗೇರು ಹಾಕಿ ನೋಡಿದ. ಒಂದರಿಂದ ಕೊನೆಯವರೆಗೆ, ರಿವರ್ಸ್ ಕೂಡ, ಬೀಗಕ್ಕೆ ಅದರದೇ ಬೀಗದಕೈ ಹೋದ ಹಾಗೆ ಹೋದವು. ಅಂದರೆ ಗೇರ್‌ಬಾಕ್ಸಿನ ಒಳಗೆ ಕೆಟ್ಟದ್ದಿಲ್ಲ. ಇಂಜಿನ್ ಓಡುವಾಗ ಗಟ್ಟಿ, ನಿಂತಾಗ ಸಲೀಸು ಅಂದರೆ ತಪ್ಪು ಕ್ಲಚ್ಚಿನದೇ. ಪೆಡಲ್ ಒತ್ತಿ ನೋಡಿದ. ಮುಟ್ಟಿದರೆ ಸಾಕು, ಹಿಡಿಯುತ್ತಿತ್ತು. ಮೊದಲ ಒಂದು ಬೆರಳಿನಷ್ಟು ಸಡಿಲ ಇರಬೇಕಾದ ಕಡೆ ಸಡಿಲವೇ ಇರಲಿಲ್ಲ. ಬಾನೆಟ್ ಎತ್ತಿದ. ಕೇಬಲ್ಲಿನ ತುದಿಯಲ್ಲಿ ನಟ್ಟು ಕೂತಿದ್ದ ಜಾಗ ಕಂಡು ಅವನಿಗೆ ನಂಬಿಕೆ ಬರಲಿಲ್ಲ. ನಟ್ಟಿಗೆ ಮುಂದೆ ಹೋಗಲು ತಿರುಪಿನ ಥ್ರೆಡ್ಡೇ ಉಳಿದಿರಲಿಲ್ಲ. ಅದನ್ನು ಅಲ್ಲಿಗೆ ತಂದವನು ತಾನೇ. ಆದರೂ ಇಷ್ಟು ದೂರ ತಂದಿದ್ದೆನೇ ಎಂದು ಬೇರೆಯವರ ಕೆಲಸ ನೋಡಿದವನಂತೆ ನೋಡಿದ. ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಅಷ್ಟು ಬಿಗಿಯಾಗಿ ಕೂತರೆ ಕ್ಲಚ್ಚಿನ ಪ್ಲೇಟು ಜಾರಿ ಜಾರಿ ಸುಡದೆ ಇನ್ನೇನಾಗುತ್ತದೆ.

ಕೇಬಲ್ ಹಿಗ್ಗಿದೆ, ಪ್ಲೇಟು ಸುಟ್ಟಿದೆ, ಎರಡೂ ಹೊಸದು ಹಾಕುತ್ತೇನೆ ಅಂದ. ಅತ್ತಿಗೆ, ನಾಳೆ ಬೆಳಿಗ್ಗೆಗೆ ಕಾರು ಬೇಕೇ ಬೇಕು, ಕೋಳಿಗಳಿಗೆ ರಜೆ ಗೊತ್ತಿಲ್ಲ ಅಂದಳು.

ಅವನು ಕಾರನ್ನು ಎತ್ತಿ ನಿಲ್ಲಿಸಿ ಗೇರ್‌ಬಾಕ್ಸ್ ಇಳಿಸುವ ಹೊತ್ತಿಗೆ ಅಣ್ಣ ಅಂಗಡಿ ಬಿಟ್ಟು ಹೆಂಡತಿಯನ್ನು ಕರೆದೊಯ್ಯಲು ಬಂದ. ಮೊಟ್ಟೆಯ ಸುದ್ದಿ ಅವನಿಗೂ ಮುಟ್ಟಿತ್ತು. ನಾಳೆಯಿಂದ ಒಡೆದ ಮೊಟ್ಟೆಯ ಅಂಗಡಿ ಇಡೋಣ, ಒಡೆಯುವ ಕೆಲಸ ಗಿರಾಕಿಗೆ ತಪ್ಪುತ್ತದೆ ಎಂದು ನಕ್ಕ. ಅತ್ತಿಗೆ ನಗಲಿಲ್ಲ. ಅಣ್ಣ ತಮ್ಮನ ಕಡೆ ತಿರುಗಿ, “ಗಾಡಿ ಮಾತ್ರ ಅಲ್ಲ ಕಣೋ, ನಿಮ್ಮತ್ತಿಗೆಗೇ ಒಂದು ಸರ್ವಿಸ್ ಆಗಬೇಕು. ಮನೇಲಿ ಒಂದು ಚಪ್ಪಲಿ ಎಳೆದುಕೊಂಡೇ ನಡೀತಾಳೆ. ಸರ್, ಸರ್ ಅಂತ. ಯಾರೋ ದೊಡ್ಡ ಸಾಹೇಬರು ಬಂದರೇನೋ ಅಂತ ನಾನು ಎದ್ದು ನಿಲ್ತೀನಿ,” ಅಂದ.

ಜಾಕಿಯ ಪಕ್ಕ ಮಲಗಿದ್ದ ಮೆಕ್ಯಾನಿಕ್ಕು ಹೊಟ್ಟೆ ಹಿಡಿದುಕೊಂಡು ನಕ್ಕ.

ಸಂಜೆಗೆ ಕೆಲಸ ಮುಗಿಯಿತು. ಹೊಸ ಪ್ಲೇಟು, ಹೊಸ ಕೇಬಲ್. ಈ ಸಲ ನಟ್ಟನ್ನು ಮನಸ್ಸಿಗೆ ಬಂದ ಹಾಗೆ ಬಿಗಿ ಮಾಡಲಿಲ್ಲ. ಎಲ್ಲ ಗಾಡಿಗಿರುವ ಅಳತೆಗೇ ಕೂರಿಸಿ, ಮೇಲೆ ಬೆರಳಿನಷ್ಟು ಸಡಿಲ ಬಿಟ್ಟ. ತಾನೇ ಸೇತುವೆಯವರೆಗೆ ಓಡಿಸಿಕೊಂಡು ಬಂದ. ದಿಬ್ಬ ಹತ್ತಿಸಿದ, ಇಳಿಸಿದ, ಹೊಲದ ಗೇಟಿನ ಬಳಿ ರಿವರ್ಸ್ ತೆಗೆದ. ಗೇರು ಬಿದ್ದದ್ದು ಕೈಗೇ ಗೊತ್ತಾಗದಷ್ಟು ಹಗುರ. ಮನೆಗೆ ಮುಟ್ಟಿಸಿ, ಸೀಟನ್ನು ಮರೆಯದೆ ಮತ್ತೆ ಮುಂದಕ್ಕೆಳೆದು ಬಂದ. ಮಲಗುವಾಗ ಅವನಿಗೆ ಸಮಾಧಾನವಿತ್ತು.

ಮಾರನೆಯ ಬೆಳಿಗ್ಗೆ ಶೆಡ್ಡಿನ ಬಾಗಿಲು ಅರ್ಧ ತೆರೆದಿದ್ದ, ಅಷ್ಟರಲ್ಲೇ ರಸ್ತೆಯಲ್ಲಿ ಒಂದು ಗಾಡಿ ಗೇರು ಕಿರುಚಿಸುತ್ತ, ಮುಗ್ಗರಿಸುತ್ತ ಬರುವುದು ಕೇಳಿಸಿತು. ಯಾರೋ ಹೊಸದಾಗಿ ಕಲಿಯುವವರು ಅಂದುಕೊಂಡ. ತಿರುಗಿ ನೋಡಿದರೆ ಅತ್ತಿಗೆಯ ಕಾರು. ನಿಲ್ಲುವಾಗ ಇಂಜಿನ್ ಧಡಕ್ಕನೆ ಆಫ್ ಆಯಿತು. ಅವಳ ಮುಖ ಕೆಂಪಾಗಿತ್ತು. ಹಿಂದಿನ ಸೀಟಿನಲ್ಲಿ ಅಣ್ಣ ಮೊಟ್ಟೆಯ ಟ್ರೇಗಳನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಕೂತಿದ್ದ.

“ಇಷ್ಟು ದಿನ ಗಟ್ಟಿ ಇತ್ತು. ಈಗ ಕಲ್ಲಾಗಿದೆ,” ಅಂದಳು ಅತ್ತಿಗೆ. “ಏನು ಮಾಡಿಟ್ಟೆಯೋ?”

ಅವನಿಗೆ ದಿಗ್ಭ್ರಮೆಯಾಯಿತು. ಅವಳನ್ನು ಇಳಿಸಿ ತಾನು ಕೂತು, ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿದ. ನಿನ್ನೆ ಸಂಜೆಯ ಹಾಗೇ ಇತ್ತು. ಇಳಿದು ಅವಳನ್ನು ಕೂರಿಸಿದ. ಅವಳು ಕ್ಲಚ್ಚು ತುಳಿದು ಗೇರು ಹಾಕಿದರೆ ಮೂಳೆ ಅರೆದಂಥ ಸದ್ದು. ಮತ್ತೆ ಅವನು ಕೂತ. ಸಲೀಸು. ಮತ್ತೆ ಅವಳು. ಕಿರ್ರ್.

“ಗಾಡಿಗೂ ಬೇಕಾದವರು ಬೇಡಾದವರು ಅಂತ ಇರುತ್ತಾ?” ಅಂದಳು. “ನೀನು ಹಾಕಿದರೆ ಬೀಳುತ್ತೆ, ನಾನು ಹಾಕಿದರೆ ಮುನಿಸು. ನಿನಗೇನು ಹೆಣ್ಣು ಕೊಡುವ ಮಾವನೇನೋ ಇದು?”

ಹಿಂದಿನ ಸೀಟಿನಿಂದ ಅಣ್ಣ, ಬಹುಶಃ ನಿನ್ನ ಬಾಯಿಗೆ ಹೆದರಿಕೊಂಡಿದೆ ಅಂದ. ಮೆಕ್ಯಾನಿಕ್ಕು ನಗುತ್ತಲೇ ಬಾಗಿಲ ಬಳಿ ಮಂಡಿಯೂರಿದ. ಪೆಡಲ್ಲಿನ ಕೆಳಗೆ ಮ್ಯಾಟು ಮಡಚಿಕೊಂಡಿರಬೇಕು ಎಂಬುದಷ್ಟೇ ಅವನ ತಲೆಯಲ್ಲಿದ್ದದ್ದು. ಮ್ಯಾಟು ನೆಟ್ಟಗೆ ಹಾಸಿಕೊಂಡಿತ್ತು. ತುಳೀರಿ ಅತ್ತಿಗೆ, ನೋಡೋಣ ಅಂದ. ಅವಳ ಕಾಲು ಪೆಡಲ್ಲಿನ ಮೇಲೆ ಬಂತು. ಪೆಡಲ್ ಒಂದಿಷ್ಟು ಇಳಿಯಿತು. ನಿಂತಿತು.

“ತುಳೀರಿ.”

“ತುಳಿದಿದೀನಲ್ಲೋ.”

“ಪೂರ್ತಿ ತುಳೀರಿ ಅತ್ತಿಗೆ, ನೆಲಕ್ಕೆ.”

“ನೆಲಕ್ಕೇ ತುಳಿದಿದೀನಿ. ಇನ್ನು ನೆಲ ತೂತಾಗಬೇಕಾ?”

ಅವನು ತಲೆಯೆತ್ತಿ ಅವಳ ಮುಖ ನೋಡಿದ. ಅದರಲ್ಲಿ ತಮಾಷೆ ಇರಲಿಲ್ಲ. ಹುಬ್ಬು ಗಂಟಿಕ್ಕಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು, ಪೂರ್ತಿ ತುಳಿದವರ ಮುಖವೇ ಅದು. ಮತ್ತೆ ಕೆಳಗೆ ನೋಡಿದ. ಪೆಡಲ್ಲಿಗೂ ನೆಲಕ್ಕೂ ನಡುವೆ ಒಂದು ಲೋಟ ಇಡಬಹುದಾದಷ್ಟು ಜಾಗ ಇತ್ತು.

ತಾನು ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ, ಅಪ್ಪ ಮಾಡುತ್ತಿದ್ದ ಹಾಗೆ, ಅಂಗೈಯನ್ನು ಆ ಜಾಗದೊಳಗೆ ತೂರಿಸಿ ನೆಲಕ್ಕೆ ಹಾಸಿದ. ಕೈಗೆ ಏನೂ ತಾಗಲಿಲ್ಲ. ಕೈಯನ್ನು ಮೇಲಕ್ಕೆತ್ತಿ ಪೆಡಲ್ಲಿನ ಬೆನ್ನಿಗೆ ಒತ್ತಿ ಹಿಡಿದ.

“ನನ್ನ ಕೈ ಇದೆ ಅಲ್ಲಿ. ಜೋರಾಗಿ ತುಳೀರಿ.”

“ಕೈ ತೆಗಿಯೋ, ಮುರಿದು ಹೋದೀತು. ನಿಮ್ಮಪ್ಪನದು ನೆನಪಿಲ್ವಾ?”

“ತುಳೀರಿ.”

ಅವಳು ತುಳಿದಳು. ತುಳಿದದ್ದು ಅವಳ ಮೈಯೆಲ್ಲ ಕಾಣಿಸಿತು. ಸೊಂಟ ಸೀಟಿನಿಂದ ಎದ್ದಿತು, ಕತ್ತಿನ ನರ ಉಬ್ಬಿತು, ಹಲ್ಲು ಕಚ್ಚಿಕೊಂಡಳು. ಅವನ ಕೈಗೆ ಬಂದದ್ದು ಮಗ್ಗುಲು ಬದಲಿಸುವ ಮಗುವಿನ ಕಾಲು ತಾಗಿದಷ್ಟು ಭಾರ. ಅಷ್ಟೇ. ಅವನು ಬೆರಳಲ್ಲಿ ಹಿಡಿದ ಪೆಡಲ್ ಅಲ್ಲೇ ನಿಂತಿತ್ತು. ಅದನ್ನು ಎದುರು ತಳ್ಳಲು ಅವನು ಬಲ ಹಾಕಬೇಕಾಗಿರಲಿಲ್ಲ.

“ನೋವಾಯ್ತೇನೋ?” ಎಂದು ಕೇಳಿದಳು ಅತ್ತಿಗೆ, ಗಾಬರಿಯಿಂದ.

ಅವನು ಕೈ ಹೊರಗೆ ತೆಗೆದು ನೋಡಿಕೊಂಡ. ಅದರ ಮೇಲೆ ಒಂದು ಗೆರೆಯೂ ಮೂಡಿರಲಿಲ್ಲ. ನೋಡುತ್ತ ನೋಡುತ್ತ ಅವನ ಕಣ್ಣು ಪಕ್ಕದಲ್ಲಿದ್ದ ಅವಳ ಚಪ್ಪಲಿಗೆ ಹೋಯಿತು. ಬಲಗಾಲಿನದು ಎಲ್ಲರ ಚಪ್ಪಲಿಯ ಹಾಗೆ ಹಿಮ್ಮಡಿಯಲ್ಲಿ ಸವೆದಿತ್ತು. ಎಡಗಾಲಿನದು ಹೆಬ್ಬೆರಳ ತುದಿಯಲ್ಲಿ ಸವೆದು, ರಬ್ಬರೆಲ್ಲ ಹೋಗಿ, ಒಳಗಿನ ಬಟ್ಟೆ ಎದ್ದಿತ್ತು. ನೆಲಕ್ಕೆ ಉಜ್ಜಿ ಉಜ್ಜಿ ಆದ ಸವೆತ. ಟೈರು ಯಾವ ಕಡೆ ಸವೆದಿದೆ ನೋಡಿ ಗಾಡಿಯ ಯಾವ ಮೂಲೆ ಕೆಟ್ಟಿದೆ ಎಂದು ಹೇಳುವವನು ಅವನು. ಈ ಸವೆತವನ್ನು ಓದಲು ಅವನಿಗೆ ಹೊತ್ತು ಬೇಕಾಗಲಿಲ್ಲ. ಸರ್, ಸರ್ ಎಂಬ ಸದ್ದಿಗೆ ನಿನ್ನೆ ಇದೇ ಜಾಗದಲ್ಲಿ ಮಲಗಿ ನಕ್ಕಿದ್ದು ನೆನಪಾಯಿತು.

ಅದಾದ ಮೇಲೆ ನಟ್ಟು ನೆನಪಾಯಿತು. ಚಳಿ ಶುರುವಾದಾಗ ಒಂದಿಷ್ಟು. ಆಮೇಲೆ ಇನ್ನಷ್ಟು. ಪ್ರತಿ ಸಲ ಅವಳ ಕಾಲು ಎಷ್ಟು ಸೋತಿತೋ ಅಷ್ಟೇ ಎತ್ತರಕ್ಕೆ ಕ್ಲಚ್ಚನ್ನು ತಂದು ಅವಳ ಕಾಲಿನ ಕೆಳಗೆ ಇಟ್ಟವನು ತಾನು. ಸೋಲು ಅವಳಿಗೆ ಗೊತ್ತಾಗಬಾರದು ಎಂದು ಹಟ ಹಿಡಿದವನ ಹಾಗೆ. ಹೊಸ ಕೇಬಲ್ ಹಾಕಿ ಎಲ್ಲರ ಅಳತೆಗೆ ಇಳಿಸಿದ ಕೂಡಲೇ ಇಷ್ಟು ತಿಂಗಳಿನದೆಲ್ಲ ಒಂದೇ ಬೆಳಿಗ್ಗೆ ಎದುರು ಬಂದು ನಿಂತಿತ್ತು.

“ಯಾಕೋ ಹಾಗೆ ನೋಡ್ತೀಯ?” ಅಂದಳು ಅತ್ತಿಗೆ.

“ಅತ್ತಿಗೆ, ಗೇರು ಸರಿ ಇದೆ.” ಅವನ ದನಿ ಅವನಿಗೇ ಬೇರೆಯವರದಾಗಿ ಕೇಳಿಸಿತು. “ನಿಮ್ಮ ಕಾಲು ಕೆಳಗೆ ಹೋಗ್ತಿಲ್ಲ.”

ಅವಳು ನಂಬಲಿಲ್ಲ. ಬಗ್ಗಿ ತಾನೇ ನೋಡಿದಳು. ಕಾಲು ಎತ್ತಿ ಮತ್ತೆ ತುಳಿದು ನೋಡಿದಳು. ಆಮೇಲೆ ಎರಡೂ ಕೈಯಿಂದ ತೊಡೆ ಹಿಡಿದು ಒತ್ತಿದಳು. ಆಗ ಪೆಡಲ್ ಸಲೀಸಾಗಿ ನೆಲ ಮುಟ್ಟಿತು. ನೆಲ ಮುಟ್ಟಿದ ಪೆಡಲ್ ಎಷ್ಟು ಕೆಳಗಿರುತ್ತದೆ ಎಂಬುದನ್ನು ಅವಳು ಆವತ್ತೇ ಮೊದಲ ಸಲ ಕಂಡವಳಂತೆ ಕಂಡಳು. ಕೈ ತೆಗೆದಳು. ಪೆಡಲ್ ಕಾಲನ್ನು ಎತ್ತಿಕೊಂಡು ಮೇಲೆ ಬಂತು.

 ಹಿಂದಿನ ಸೀಟಿನಲ್ಲಿ ಅಣ್ಣ ಟ್ರೇಗಳನ್ನು ತಬ್ಬಿಕೊಂಡೇ ಕೂತಿದ್ದ. ಅವನ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ. ಅದರಿಂದಲೇ ಮೆಕ್ಯಾನಿಕ್ಕಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮೊದಲು ಮಾತಾಡಿದವಳು ಅತ್ತಿಗೆಯೇ. ಏನೋ ಜೋಮು ಹಿಡಿದಿರಬೇಕು, ಕೋಳಿಮನೆಯ ತಣ್ಣನೆ ನೆಲದಲ್ಲಿ ನಿಂತು ನಿಂತು ಹೀಗಾಗಿದೆ, ನಾಲ್ಕು ದಿನ ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ ಅಂದಳು. ಈಗ ಸದ್ಯಕ್ಕೆ ಮೊದಲಿನ ಹಾಗೆ ಕ್ಲಚ್ಚು ಮೇಲೆ ಹಿಡಿಸಿಕೊಡು, ಅಂಗಡಿಯವರು ಕಾಯುತ್ತಿರುತ್ತಾರೆ ಅಂದಳು. ಅವಳು ಕೇಳಿದ್ದನ್ನು ಅವನು ಇದುವರೆಗೆ ಇಲ್ಲ ಅಂದದ್ದಿಲ್ಲ. ಅವನ ಕೈ ತಾನಾಗಿಯೇ ಸ್ಪ್ಯಾನರಿನ ಕಡೆ ಹೋಗಿತ್ತು. ಹೋದ ಕೈ ಅಲ್ಲೇ ನಿಂತಿತು.

“ಆಗಲ್ಲ ಅತ್ತಿಗೆ.”

“ಯಾಕಾಗಲ್ಲ? ಗಾಡಿ ಕಾಲಿಗೆ ಹೊಂದಬೇಕು ಅಂತ ತಾನೇ ನಿಮ್ಮಪ್ಪ ಹೇಳ್ತಿದ್ದದ್ದು? ನನ್ನ ಕಾಲು ಹೀಗಿದೆ. ಹೊಂದಿಸು.”

“ಅಪ್ಪ ಕೈ ಇಟ್ಟು ನೋಡ್ತಿದ್ದ. ನಾನು ನೋಡಲಿಲ್ಲ.”

ಅವಳಿಗೆ ಕೋಪ ಬಂತು. ನಾನು ಮೂಗು ಒರೆಸಿ ಬೆಳೆಸಿದವನು ಇವತ್ತು ನನಗೇ ಕಾಲಿಲ್ಲ ಅನ್ನುತ್ತಾನೆ ಅಂದಳು. ಪೇಟೆಯಲ್ಲಿ ಬೇರೆ ಮೆಕ್ಯಾನಿಕ್ಕು ಇಲ್ಲವೇ ಅಂದಳು. ಅವನು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡ. ಬಾಗಿಲಿನ ಮುಂದಿನಿಂದ ಮಾತ್ರ ಪಕ್ಕಕ್ಕೆ ಸರಿಯಲಿಲ್ಲ. ಬೈಯುತ್ತ ಬೈಯುತ್ತ ಅವಳ ದನಿ ನಿನ್ನೆಯ ಹಾಗೆ ಸಣ್ಣಗಾಯಿತು. ಸ್ಟೇರಿಂಗ್ ನೋಡಿಕೊಂಡು, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದಳು.

“ನಿನ್ನೆ ಆ ಮೆಟ್ಟಿಲ ಮೇಲೆ ಕಿರಾಣಿಯವನ ಮೊಮ್ಮಗಳು ಕೂತಿತ್ತು. ಬಣ್ಣದ ಸೀಮೆಸುಣ್ಣ ಇಟ್ಟುಕೊಂಡು ಬರೀತಿತ್ತು. ನಾನು ಕ್ಲಚ್ಚು ತುಳಿದಿದೀನಿ ಅಂತಲೇ ಇದ್ದೆ. ಕಾರು ಹೋಗ್ತಾನೇ ಇತ್ತು. ಅವನು ಮಗೂನ ರಟ್ಟೆ ಹಿಡಿದು ಎಳೆದುಕೊಂಡ.”

ಹಿಂದಿನ ಸೀಟಿನಲ್ಲಿ ಟ್ರೇ ಒಂದು ಕಿರುಗುಟ್ಟಿತು.

“ಸೀಮೆಸುಣ್ಣ ಗಾಲಿ ಕೆಳಗೆ ಪುಡಿ ಆಯ್ತು,” ಅಂದಳು ಅತ್ತಿಗೆ. “ನಾನು ಗೇರಿನ ತಪ್ಪು ಅಂದುಕೊಂಡೆ ಕಣೋ. ಆಣೆಗೂ.”

ಅವಳು ಕಾರಿನಿಂದ ಇಳಿಯಲು ಹೊರಟಳು. ಮೊದಲು ಬಲಗಾಲು ಹೊರಗಿಟ್ಟಳು. ಎಡಗಾಲನ್ನು ಕೈಯಿಂದ ಎತ್ತಿ ಇಟ್ಟಳು. ಈ ಕೈಯಾಸರೆ ಎಷ್ಟು ದಿನದ ಅಭ್ಯಾಸವೋ, ಅವಳಿಗೆ ತಾನು ಎತ್ತಿದ್ದೇ ತಿಳಿದಂತಿರಲಿಲ್ಲ. ಬಾಗಿಲು ಹಿಡಿದುಕೊಂಡು, ಕಾರನ್ನು ಸುತ್ತಿ ನಡೆದು, ಆಚೆ ಬದಿಯ ಸೀಟಿನಲ್ಲಿ ಕೂತಳು. ಮೆಕ್ಯಾನಿಕ್ಕು ಶೆಡ್ಡಿಗೆ ಬೀಗ ಹಾಕುವುದನ್ನೂ ಮರೆತು ಸ್ಟೇರಿಂಗಿನ ಮುಂದೆ ಕೂತು, ಸೀಟು ಹಿಂದಕ್ಕೆ ತಳ್ಳಿದ. ಅವಳ ಸೀಟು ಯಾಕೆ ಅಷ್ಟು ಮುಂದಕ್ಕೆ ಬಂದಿತ್ತೆಂಬುದೂ ಆಗ ತಿಳಿಯಿತು. ಕಾಲು ಮುಟ್ಟದ ಕಡೆಗೆ ಅವಳು ಮೈಯನ್ನೇ ತಂದುಕೊಂಡಿದ್ದಳು.

ಆಸ್ಪತ್ರೆಯ ಡಾಕ್ಟರು ಅವಳ ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಅಂಗಾಲಿನ ಮೇಲೆ ಏನೋ ಗೀಚಿ, ಗೊತ್ತಾಗುತ್ತಾ ಎಂದು ಕೇಳಿದರು. ಅವಳು ಏನು ಗೊತ್ತಾಗಬೇಕು ಅಂದಳು. ಹಿಮ್ಮಡಿಯ ಮೇಲೆ ನಡೆಯಿರಿ ಅಂದರು. ಬಲಗಾಲಿನ ಮುಂಗಾಲು ಎದ್ದಿತು. ಎಡಗಾಲಿನದು ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಬಿತ್ತು. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ತೊಂದರೆ ಕಾಲಿನದಲ್ಲ, ಕಾಲಿಗೆ ಹೇಳಿ ಕಳಿಸುವ ನರದ್ದು ಅಂದರು ಡಾಕ್ಟರು. ಬೆನ್ನಿನಲ್ಲೋ ತಲೆಯಲ್ಲೋ ಏನೋ ಒತ್ತುತ್ತಿರಬೇಕು, ಸ್ಕ್ಯಾನ್ ಮಾಡದೆ ಏನೂ ಹೇಳಲಾರೆ, ಸ್ಕ್ಯಾನ್ ಮಾಡುವವರು ಬರುವುದು ಮಧ್ಯಾಹ್ನದ ಮೇಲೆ, ಆಗ ಬನ್ನಿ, ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಬೇಡಿ ಅಂದರು. ಆಮೇಲೆ ಮೂರೂ ಜನರನ್ನು ನೋಡಿ ಕೇಳಿದರು.

“ಇದು ನಿನ್ನೆ ಮೊನ್ನೆಯದಲ್ಲ. ತಿಂಗಳುಗಟ್ಟಲೆ ಆಗಿದೆ. ದಿನಾ ಕಾರು ಓಡಿಸ್ತಾರೆ ಅಂತೀರಿ. ಕ್ಲಚ್ಚು ತುಳಿಯುವಾಗಲಾದರೂ ಗೊತ್ತಾಗಬೇಕಿತ್ತಲ್ಲ?”

ಮೆಕ್ಯಾನಿಕ್ಕು ಹೇಳಬೇಕೆಂದು ಎದ್ದು ನಿಂತ. ಅಷ್ಟರಲ್ಲಿ ಅತ್ತಿಗೆ ಚಪ್ಪಲಿಯೊಳಕ್ಕೆ ಕಾಲನ್ನು ಕೈಯಿಂದ ತೂರಿಸಿಕೊಳ್ಳುತ್ತ, ತಲೆಯೆತ್ತದೆ ಹೇಳಿದಳು.

“ನನ್ನ ಮೈದುನ ಬಹಳ ಒಳ್ಳೇ ಮೆಕ್ಯಾನಿಕ್ಕು ಡಾಕ್ಟ್ರೇ. ಅದಕ್ಕೇ ಗೊತ್ತಾಗಲಿಲ್ಲ.”

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅವಳು ಕುಟುಕಿದಳೋ ಕಾಪಾಡಿದಳೋ ಎಂದು ಮೆಕ್ಯಾನಿಕ್ಕಿಗೂ ತಿಳಿಯಲಿಲ್ಲ. ಅವಳ ಮುಖ ನೋಡಿ ತಿಳಿಯೋಣವೆಂದರೆ ಅವಳು ಮುಖ ಎತ್ತಲಿಲ್ಲ.

ಹೊರಗೆ ಬಂದರೆ ಬಿಸಿಲು ಏರಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಮೊಟ್ಟೆಯ ಟ್ರೇಗಳು ಹಾಗೇ ಇದ್ದವು. ಅಣ್ಣ ಮನೆಗೆ ಹೋಗಿ ಸ್ವಲ್ಪ ಮಲಗು ಅಂದ. ಅತ್ತಿಗೆ ಕೇಳಲಿಲ್ಲ. ಮಧ್ಯಾಹ್ನದವರೆಗೆ ಮನೆಯಲ್ಲಿ ಕೂತು ಕಾಲು ನೋಡಿಕೊಂಡು ಏನು ಮಾಡಲಿ, ಮೊಟ್ಟೆ ಹಾಕಿ ಬರೋಣ, ನಾನು ದಾರಿ ಹೇಳುತ್ತೇನೆ ಅಂದಳು. ಮೊದಲು ಕಿರಾಣಿಯವನ ಅಂಗಡಿಗೆ ಅಂದಳು. ಅಲ್ಲಿ ಇಳಿದು ಮಗುವಿಗೆ ಒಂದು ಹೊಸ ಸೀಮೆಸುಣ್ಣದ ಡಬ್ಬಿ ಕೊಡಬೇಕು, ಮಗುವಿನ ತಾತನಿಗೆ ಕಾಲಿನ ವಿಷಯ ತಾನೇ ಹೇಳಬೇಕು ಅಂದಳು.

ಅಣ್ಣ ಹಿಂದೆ ಕೂತು ಮತ್ತೆ ಟ್ರೇಗಳನ್ನು ತಬ್ಬಿಕೊಂಡ. ಮೆಕ್ಯಾನಿಕ್ಕು ಕಾರು ಹೊರಡಿಸಿದ.  ಎಷ್ಟೋ ಗಾಡಿ ಬಿಚ್ಚಿ ಕಟ್ಟಿದವನಿಗೆ ಮೊಟ್ಟೆ ತುಂಬಿದ ಗಾಡಿ ಓಡಿಸಿ ಗೊತ್ತಿರಲಿಲ್ಲ. ಮೊದಲ ತಿರುವಿನಲ್ಲೇ ಟ್ರೇಗಳು ಕಟಕಟ ಅಂದವು.

“ಅವಸರ ಯಾಕೆ? ಇಂಜಿನ್ನಿನ ಸದ್ದು ಇಳೀಲಿ,” ಅಂದಳು ಅತ್ತಿಗೆ. ಅವಳ ಕಣ್ಣು ರಸ್ತೆಯ ಮೇಲೆಯೇ ಇತ್ತು. “ಇಳೀತು. ಈಗ ತುಳಿ.”

ಅವನು ತುಳಿದ. ಪಕ್ಕದಲ್ಲಿ ಅವಳ ಎಡಗಾಲೂ ಖಾಲಿ ನೆಲದ ಮೇಲೆ ಒಂದಿಷ್ಟು ಅಲುಗಿ ನಿಂತಿತು.

“ಪೂರ್ತಿ ತುಳಿದೆಯೇನೋ?”

“ತುಳಿದೆ ಅತ್ತಿಗೆ,” ಅಂದ. ಅಂದಮೇಲೂ ನಂಬಿಕೆ ಬರದೆ, ಕೆಳಗೆ ಬಗ್ಗಿ ತನ್ನ ಕಾಲನ್ನೊಮ್ಮೆ ನೋಡಿಕೊಂಡ.